ಒಂದು ಅಂಕದ ಪ್ರಶ್ನೆ

ಒಂಬತ್ತನೇ ತರಗತಿ, ಬಿ ವಿಭಾಗ, ಊಟದ ನಂತರದ ಪೀರಿಯಡ್ಡು.
ಪಾಠದೊಳಗೆ ಕೋಟು ತೊಟ್ಟ ಪತ್ತೇದಾರನೊಬ್ಬ
ಗಾಜಿನ ಲೋಟದ ಮೇಲೆ ಬೆರಳಚ್ಚು ಹುಡುಕುತ್ತಿದ್ದ.
ಕಿಟಕಿಯಾಚೆಯಿಂದ ಶಿಡ್ಲಘಟ್ಟದ ವಾಸನೆ,
ಬೆಂದ ಹುಳುವಿನದು.
ಹೊಸದಾಗಿ ಬಂದಾಗ ಸೆರಗು ಮೂಗಿಗೊತ್ತಿದ್ದೆ,
ಈಗ ರಜೆಗೆ ಊರಿಗೆ ಹೋದರೆ
ಏನೋ ಮರೆತು ಬಂದಂತಾಗುತ್ತದೆ.

ಕ್ಲೂ ಅಂದರೆ ಸುಳಿವು, ಬರೆದುಕೊಳ್ಳಿ, ಅಂದೆ.
ಬರೆದುಕೊಂಡರು, ಸಫೂರಾ ಒಬ್ಬಳನ್ನು ಬಿಟ್ಟು.
"ಎಲ್ಲಿಂದ ಬಂತು ಮಿಸ್ ಆ ಮಾತು?"
ಮಾತಿಗೂ ಊರು, ಮನೆ, ಹೆತ್ತವರು ಇರುತ್ತಾರೆಂದು
ನಾನೇ ಯಾವತ್ತೋ ಬಾಯಿತಪ್ಪಿ ಹೇಳಿದ್ದೆ.

ಸ್ಟಾಫ್ ರೂಮಿನ ಬೀರುವಿನಲ್ಲೊಂದು ದಪ್ಪ ನಿಘಂಟು.
ಎ, ಬಿ ಎರಡೂ ಗೆದ್ದಲಿಗೆ ಸಂದಿವೆ,
ಪುಣ್ಯಕ್ಕೆ ಸಿ ಉಳಿದಿದೆ.
ಮೊದಲು ಆ ಪದದ ಬಾಲ ಬೇರೆಯಿತ್ತಂತೆ: ಇ, ಡಬ್ಲ್ಯು.
ಅರ್ಥ: ನೂಲಿನ ಉಂಡೆ.
ಅಷ್ಟೇ. ಕಳ್ಳನಿಲ್ಲ, ಕೊಲೆಯಿಲ್ಲ, ಭೂತಗನ್ನಡಿಯಿಲ್ಲ.
ಗ್ರೀಕರ ಸೀಮೆಯಲ್ಲಿ ಹೊಕ್ಕವರು ಹೊರಬಾರದ ಕಟ್ಟಡ,
ಒಳಗೆ ಗೂಳಿತಲೆಯ ರಾಕ್ಷಸ.
ರಾಜಕುಮಾರ ಹೊರಟಾಗ ಹುಡುಗಿಯೊಬ್ಬಳು
ಕೈಗೊಂದು ಉಂಡೆ ಕೊಟ್ಟಳು:
ಬಿಚ್ಚುತ್ತ ಹೋಗು, ಸುತ್ತುತ್ತ ಬಾ.
ಬಂದ. ಅವಳನ್ನು ಯಾವುದೋ ದ್ವೀಪದಲ್ಲಿ ಬಿಟ್ಟು ಹೋದ.
ಕಥೆ ಸವೆದು, ಉಂಡೆ ಸವೆದು,
ದಾರಿ ತೋರುವುದಕ್ಕೆಲ್ಲ ಆ ಹೆಸರೇ ನಿಂತಿತು.

ಮಾರನೆಯ ದಿನ ಹೇಳಿದೆ, ಕೊಂಚ ಜಂಬದಿಂದಲೇ.
ಸಫೂರಾ ನಕ್ಕಳು:
"ಅದು ನಮ್ಮನೇಲೇ ಐತಲ್ಲ ಮಿಸ್."
ಆಮೇಲೆ ನಗು ನಿಲ್ಲಿಸಿ ಕೇಳಿದಳು:
"ಉಂಡೆ ಸುತ್ತಿದ್ದು ಯಾರು?"
ನಿಘಂಟಿನಲ್ಲಿ ಅದಿರಲಿಲ್ಲ.

ಭಾನುವಾರ ಅವರ ಮನೆಗೆ ಹೋದೆ.
ತಗಡಿನ ಚಾವಣಿ, ಹಬೆ,
ಕುದಿನೀರಿನಲ್ಲಿ ಕುಣಿಯುವ ಗೂಡುಗಳು.
ಜೈತೂನ್ ಬಿ ಕುಂಚದಿಂದ ಒಮ್ಮೆ ಸವರಿದರೆ
ನೂರು ಸುಳ್ಳು ತುದಿಗಳು ಮೆತ್ತಿಕೊಳ್ಳುತ್ತವೆ.
ಎಳೆದು ಬಿಸಾಕುತ್ತಾರೆ, ಮತ್ತೆ ಸವರುತ್ತಾರೆ,
ಮಾತಾಡುತ್ತಲೇ, ಗ್ಯಾಸ್ ಬೆಲೆ ಬೈಯುತ್ತಲೇ.
ಆಗ ಒಂದು ಎಳೆ,
ನನ್ನ ಕಣ್ಣಿಗೆ ಕಾಣದಂಥದು, ನಿಜದ್ದು,
ಮುಕ್ಕಾಲು ಕಿಲೋಮೀಟರು ತುಂಡಾಗದೆ ಹೊರಡುತ್ತದೆ.
ಒಳಗಿನ ರಾಕ್ಷಸ ಕಿರುಬೆರಳಷ್ಟಿಲ್ಲ.
ಹೊರಬರುವ ದಾರಿಯನ್ನೆಲ್ಲ ಮೈಗೇ ಸುತ್ತಿಕೊಂಡವನು.
ಸುತ್ತಿದ್ದೂ ಅವನೇ. ಬೆಂದದ್ದೂ ಅವನೇ.

"ನೀವೂ ಒಂದು ಸಲ ನೋಡಿ ಟೀಚರಮ್ಮ."
ಕೈಯಿಟ್ಟೆ. ಚುರ್ರೆಂದಿತು, ಎಳೆದುಕೊಂಡೆ.
ಇಪ್ಪತ್ತೆರಡು ವರ್ಷ ಅರ್ಥ ಬರೆಸಿದ ಕೈ.

ಹೊರಡುವಾಗ ಅವರ ಬೆರಳು ಕಂಡೆ:
ನೆನೆದ ಅವಲಕ್ಕಿಯ ಬಿಳುಪು, ಒಂದು ಗೆರೆಯಿಲ್ಲ.
ರೇಷನ್ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ
ಕೆಂಪು ದೀಪ ಹತ್ತುತ್ತದಂತೆ:
ನೀನು ನೀನಲ್ಲ, ಮತ್ತೊಮ್ಮೆ ಒತ್ತು.
ಮೂರು ತಿಂಗಳಿಂದ ಮನೆಗೆ ಅಕ್ಕಿ
ಮಗಳ ಹೆಬ್ಬೆಟ್ಟಿನಿಂದಲೇ ಬರುತ್ತಿದೆ.
"ಆ ಕೋಟಿನವನು ಬಂದ್ರೂ
ನಮ್ಮಮ್ಮನ್ನ ಹಿಡಿಯಕ್ಕಾಗಲ್ಲ ಮಿಸ್,"
ಅಂದಳು ಸಫೂರಾ, ಹೆಮ್ಮೆಯೋ ಏನೋ.
ಜೈತೂನ್ ಬಿ ಕೈಯನ್ನು ದುಪಟ್ಟಿಯೊಳಗೆ ಸರಿಸಿದರು.

ಕಿರುಪರೀಕ್ಷೆಯ ಕಟ್ಟು ಈಗ ಮುಂದಿದೆ.
ಕ್ಲೂ, ಕನ್ನಡದಲ್ಲಿ ಅರ್ಥ ಬರೆಯಿರಿ.
ಮೂವತ್ತೊಂಬತ್ತು ಸುಳಿವು,
ನಾನು ಕೊಟ್ಟದ್ದು ನನಗೇ ವಾಪಸ್ಸು.
ಒಂದು ಹಾಳೆಯಲ್ಲಿ ಮಾತ್ರ: ತುದಿ.
ಅದರ ಪಕ್ಕ ಏನೋ ಬರೆದು, ಒತ್ತಿ ಒತ್ತಿ ಅಳಿಸಿದ್ದಾಳೆ,
ಕಾಗದ ಅಲ್ಲಿ ತೆಳುವಾಗಿದೆ.
ಕೆಂಪು ಪೆನ್ನು ಮುಚ್ಚಿಟ್ಟು
ದೀಪಕ್ಕೆ ಹಿಡಿದು ನೋಡುತ್ತಿದ್ದೇನೆ.